ಮನೆಯಲ್ಲಿ ಹೊಲಿದ ಕೋಟು ಸರಿಯಾಗಿ ಕೂರುತ್ತಿಲ್ವಾ? ಸುಕ್ಕು ನೋಡಿ ದೋಷ ಹಿಡಿಯಿರಿ

"ಅಕ್ಕಾ, ಪ್ಯಾಟರ್ನಿನ್ಯಾಗ ಇದ್ದಂಗ ಕತ್ತರಿಸೀನಿ, ಒಂದ್ ಗುರುತೂ ತಪ್ಪಿಲ್ಲ. ಆದ್ರ ಹಾಕ್ಕೊಂಡ್ರ ಗೋಣಿಚೀಲ ಕಂಡಂಗ ಕಾಣ್ತೈತಿ."

ಮದುವೆ ಸೀಜನ್ ಬಂತೆಂದರೆ ಈ ಮಾತು ನನ್ನ ಕಿವಿಗೆ ಬೀಳುತ್ತಲೇ ಇರುತ್ತದೆ. ಹೇಳುವವರು ಹೊಲಿಗೆ ಬಾರದವರಲ್ಲ. ಬಳ್ಳಾರಿಯ ಜೀನ್ಸ್ ಕೆಲಸದಲ್ಲಿ ಕೈ ಪಳಗಿದವರೇ ಜಾಸ್ತಿ. ನಾನೂ ಹಾಗೇ ಬಂದವಳು. ವರ್ಷಗಟ್ಟಲೆ ಮನೆಯಲ್ಲಿ ಕೂತು ಪೀಸ್ ಲೆಕ್ಕದಲ್ಲಿ ಜೀನ್ಸ್ ಹೊಲಿದು, ಆಮೇಲೆ ಕೋಟಿಗೆ ಕೈ ಹಾಕಿದೆ. ಜೀನ್ಸ್‌ಗೆ ಬಿಗಿ ಹೊಲಿಗೆ ಬೇಕು, ದಪ್ಪ ದಾರ ಬೇಕು. ಸಣ್ಣಪುಟ್ಟ ಸೊಟ್ಟ ವಾಷಿಂಗ್‌ನಲ್ಲಿ ಮುಚ್ಚಿಹೋಗುತ್ತದೆ. ಕೋಟಿನಲ್ಲಿ ಏನೂ ಮುಚ್ಚಿಹೋಗುವುದಿಲ್ಲ. ಆದರೆ ಎಲ್ಲಿ ತಪ್ಪಾಗಿದೆ ಅಂತ ಕೋಟೇ ಹೇಳುತ್ತದೆ. ಸುಕ್ಕು ಎತ್ತ ಕೈ ತೋರಿಸುತ್ತಿದೆ ಅಂತ ನೋಡುವ ಮೊದಲೇ ನಾವು ಬ್ಲೇಡ್ ಹಿಡಿದು ಬಿಚ್ಚಲು ಕೂರುತ್ತೇವೆ. ಅರ್ಧ ಕೋಟು ಹಾಳಾಗುವುದು ಅಲ್ಲೇ.

ಅದಕ್ಕೇ ನಾನು ಒಂದು ಸಾಲು ಇಟ್ಟುಕೊಂಡಿದ್ದೇನೆ. ಮೊದಲು ಇಸ್ತ್ರಿ, ಆಮೇಲೆ ಮಷಿನ್ ಸೂಜಿ, ಆಮೇಲೆ ಗುಂಡುಪಿನ್ನು, ಕೊನೆಗೆ ಬ್ಲೇಡ್. ಮೊದಲ ಮೂರಕ್ಕೆ ಖರ್ಚಿಲ್ಲ, ತಪ್ಪಾದರೆ ವಾಪಸ್ ಬರಬಹುದು. ಕೊನೆಯದಕ್ಕೆ ವಾಪಸ್ ದಾರಿ ಇಲ್ಲ.

ನೋಡುವ ಬಗೆ

ಕೋಟಿನ ಜೊತೆ ಹಾಕಿಕೊಳ್ಳುವ ಅಂಗಿಯನ್ನೇ ಹಾಕಿ. ಬನಿಯನ್ ಮೇಲೆ ನೋಡಬೇಡಿ. ಎರಡು ಗುಂಡಿಯ ಕೋಟಾದರೆ ಮೇಲಿನ ಗುಂಡಿ ಮಾತ್ರ ಹಾಕಿ, ಕೈ ಇಳಿಬಿಟ್ಟು ನೇರ ನಿಲ್ಲಿ. ಬಗ್ಗಿ ನಿಮ್ಮ ಎದೆ ನೀವೇ ನೋಡಿಕೊಂಡರೆ ಬಟ್ಟೆ ಕುಸಿಯುತ್ತದೆ, ಇಲ್ಲದ ಸುಕ್ಕು ಕಾಣುತ್ತದೆ. ಮುಂದೆ, ಹಿಂದೆ, ಎರಡೂ ಪಕ್ಕ ಮೊಬೈಲಿನಲ್ಲಿ ಫೋಟೋ ತೆಗೆಸಿಕೊಳ್ಳಿ.

ಈಗ ಸುಕ್ಕನ್ನು ಬೆರಳಲ್ಲಿ ಹಿಡಿಯಿರಿ. ಸಡಿಲವಾಗಿ ಕೈಗೆ ಸಿಕ್ಕಿತೆಂದರೆ ಅಲ್ಲಿ ಬಟ್ಟೆ ಜಾಸ್ತಿಯಾಗಿದೆ. ಬಿಗಿದ ಹಗ್ಗದ ಹಾಗೆ ಇದ್ದು ಹಿಡಿಯಲು ಬಾರದಿದ್ದರೆ ಅಲ್ಲಿ ಬಟ್ಟೆ ಸಾಲದು. ಆ ಗೆರೆ ಯಾವ ಜಾಗದ ಕಡೆ ಓಡುತ್ತದೋ ಅಲ್ಲೇ ಕೊರತೆ. ಮುಂದೆ ಹೇಳುವುದೆಲ್ಲ ಈ ಎರಡರ ಮೇಲೇ ನಿಂತಿದೆ.

ಇಡೀ ಕೋಟೇ ಬಿಗಿ, ಅಥವಾ ಇಡೀ ಕೋಟೇ ದೊಗಲೆ

ಒಂದು ಜಾಗದಲ್ಲಲ್ಲ, ಎಲ್ಲಾ ಕಡೆ ಒಂದೇ ಸಮ ತಪ್ಪಾಗಿದ್ದರೆ ಹೊಲಿಗೆಯನ್ನು ದೂರಬೇಡಿ, ಪ್ಯಾಟರ್ನ್ ನೋಡಿ, ಅಂದರೆ ಕತ್ತರಿಸಲು ಇಟ್ಟುಕೊಂಡ ಅಳತೆಯ ಕಾಗದ. ಡೌನ್‌ಲೋಡ್ ಮಾಡಿ ಪ್ರಿಂಟ್ ಹಾಕಿಸಿದ ಪ್ಯಾಟರ್ನಿನಲ್ಲಿ ಅಳತೆ ಪರೀಕ್ಷೆಗೆಂದೇ ಒಂದು ಚೌಕ ಇರುತ್ತದೆ. ಅದನ್ನು ಸ್ಕೇಲಿಟ್ಟು ಅಳೆಯಿರಿ. 10 ಸೆಂ.ಮೀ. ಇರಬೇಕಾದ್ದು 9.6 ಬಂದಿದ್ದರೆ ಝೆರಾಕ್ಸ್ ಅಂಗಡಿಯಲ್ಲಿ ಪುಟಕ್ಕೆ ಹೊಂದುವ ಹಾಗೆ ಕುಗ್ಗಿಸಿದ್ದಾರೆ. 100 ಸೆಂ.ಮೀ. ಎದೆ ಸುತ್ತಳತೆಯಲ್ಲಿ 4 ಸೆಂ.ಮೀ. ಹೋಯಿತು. "100 ಪರ್ಸೆಂಟಿನಲ್ಲಿ ಹಾಕಿ" ಅಂತ ಬಾಯಿಬಿಟ್ಟು ಹೇಳಬೇಕು.

ಇನ್ನೊಂದು, ಹೊಲಿಗೆ ಮಾರ್ಜಿನ್, ಅಂದರೆ ಹೊಲಿಗೆ ಗೆರೆಯ ಆಚೆ ಬಿಡುವ ಬಟ್ಟೆ. ಲಕೋಟೆಯಲ್ಲಿ ಬರುವ ಹೊರದೇಶದ ಹಲವು ಪ್ಯಾಟರ್ನುಗಳಲ್ಲಿ 1.5 ಸೆಂ.ಮೀ. ಮಾರ್ಜಿನ್ ಸೇರಿಸಿಯೇ ಗೆರೆ ಎಳೆದಿರುತ್ತಾರೆ. ಬುರ್ಡಾ ಪತ್ರಿಕೆಯ ಪ್ಯಾಟರ್ನಿನಲ್ಲಿ ಮಾರ್ಜಿನ್ ಇರುವುದಿಲ್ಲ, ನಾವೇ ಬಿಡಬೇಕು. ಮೊದಲ ಪುಟದ ಸೂಚನೆ ಓದದೆ ಕತ್ತರಿಸಿದರೆ ಗೊತ್ತಾಗುವುದು ಟ್ರಯಲ್ ದಿನವೇ. ಸೈಜನ್ನೂ ರೆಡಿಮೇಡ್ ನಂಬರಿನಿಂದ ಆರಿಸಬೇಡಿ. ಟೇಪು ಹಿಡಿದು ಎದೆ ಅಳೆದು ಪಟ್ಟಿ ನೋಡಿ.

ಹೊಲಿಗೆಯ ಉದ್ದಕ್ಕೂ ಸಣ್ಣ ನೆರಿಗೆ

ಪಕ್ಕದ ಹೊಲಿಗೆ, ಬೆನ್ನಿನ ಹೊಲಿಗೆ ನೇರ ಬೀಳದೆ ಹುಳು ಹರಿದಂತೆ ಕಾಣುತ್ತಿದೆಯೇ? ನಮ್ಮೂರಲ್ಲಿ ಇದಕ್ಕೆ ಹತ್ತರಲ್ಲಿ ಎಂಟು ಸಲ ಕಾರಣ ಒಂದೇ. ಮಷಿನ್ ಇನ್ನೂ ಜೀನ್ಸ್ ಸೆಟ್ಟಿಂಗಿನಲ್ಲೇ ಇರುತ್ತದೆ.

ಮೊದಲು ಸೂಜಿ. ಜೀನ್ಸ್‌ಗೆ ಹಾಕಿದ 18 ನಂಬರ್ ಸೂಜಿ ಕೋಟಿನ ಬಟ್ಟೆಯ ಎಳೆಗಳನ್ನು ಪಕ್ಕಕ್ಕೆ ತಳ್ಳಿಬಿಡುತ್ತದೆ. ಸೂಟಿಂಗ್ ಬಟ್ಟೆಗೆ 14, ಲೈನಿಂಗ್‌ಗೆ 11 ಸಾಕು. ಹೊಸ ಸೂಜಿಯನ್ನೇ ಹಾಕಿ. ಫ್ಯಾಕ್ಟರಿ ಮಷಿನ್ನಿನ ಸೂಜಿಯ ಬುಡ ಗುಂಡಗಿರುತ್ತದೆ, ಮನೆ ಮಷಿನ್ನಿನ ಸೂಜಿಗೆ ಒಂದು ಪಕ್ಕ ಚಪ್ಪಟೆ ಇರುತ್ತದೆ. ಅದಕ್ಕಿದು, ಇದಕ್ಕದು ಹಾಕಬೇಡಿ. ನಡುನಡುವೆ ಹೊಲಿಗೆ ತಪ್ಪುತ್ತಿದ್ದರೂ ಮೊದಲು ನೋಡಬೇಕಾದ್ದು ಸೂಜಿಯನ್ನೇ. ಮೊಂಡಾಗಿದೆಯಾ, ಬಗ್ಗಿದೆಯಾ, ತಿರುಗಮುರುಗ ಕೂತಿದೆಯಾ ಅಂತ.

ಆಮೇಲೆ ಟೆನ್ಷನ್, ಅಂದರೆ ದಾರದ ಬಿಗಿ. ಅದೇ ಬಟ್ಟೆಯ ಚೂರಿನ ಮೇಲೆ ಒಂದು ಗೇಣು ಹೊಲಿದು ನೋಡಿ. ಕೆಳಗಿನ ದಾರ ಮೇಲೆ ಇಣುಕುತ್ತಿದ್ದರೆ ಮೇಲಿನ ಟೆನ್ಷನ್ ಜಾಸ್ತಿ. ಹೊಲಿಗೆ ಉದ್ದ 2.5 ಮಿ.ಮೀ. ಇರಲಿ, ಅಂದರೆ ಇಂಚಿಗೆ ಸುಮಾರು 10.

ಇಷ್ಟಾದರೂ ನೆರಿಗೆ ಹೋಗದೆ, ಹೊಲಿದು ಮುಗಿಸುವಾಗ ಮೇಲಿನ ಬಟ್ಟೆ ಕೆಳಗಿನದಕ್ಕಿಂತ ಉದ್ದ ಉಳಿಯುತ್ತಿದ್ದರೆ, ಅದು ಮಷಿನ್ನಿನ ಪಾದದ (ಬಟ್ಟೆಯನ್ನು ಒತ್ತಿ ಹಿಡಿಯುವ ಭಾಗದ) ಒತ್ತಡ. ದಪ್ಪ ಡೆನಿಮ್ ಹಿಡಿಯಲು ಬಿಗಿಮಾಡಿದ ಪಾದ ತೆಳು ಬಟ್ಟೆಯ ಮೇಲಿನ ಪದರವನ್ನು ಮುಂದಕ್ಕೆ ತಳ್ಳುತ್ತದೆ. ಮಷಿನ್ ತಲೆಯ ಮೇಲಿರುವ ಒತ್ತಡದ ಸ್ಕ್ರೂ ಎರಡು ಸುತ್ತು ಸಡಿಲಿಸಿ ನೋಡಿ.

ಎಚ್ಚರ: ಸೂಜಿ ಬದಲಿಸುವಾಗ, ಎಣ್ಣೆ ಬಿಡುವಾಗ, ಶಟಲ್ ಬಿಚ್ಚುವಾಗ ಮೋಟರಿನ ಪ್ಲಗ್ ಕಿತ್ತಿಡಿ. ಕಾಲು ಪೆಡಲ್ ಮೇಲೆ ತಾನಾಗೇ ಹೋಗುತ್ತದೆ. ಮೋಟರಿನಿಂದ ಸುಟ್ಟ ವಾಸನೆ ಬಂದರೆ, ಮೈ ಮುಟ್ಟಿದಾಗ ಜುಮ್ಮೆಂದರೆ ಅಲ್ಲಿಗೆ ನಿಲ್ಲಿಸಿ. ಅದು ರಿಪೇರಿಯವರ ಕೆಲಸ.

ಎದೆಯ ಮೇಲೆ ಗುಳ್ಳೆ

ಎಲ್ಲರೂ ಹೆದರುವುದು ಇದಕ್ಕೇ. ಹೊಲಿದಾಗ ಕನ್ನಡಿಯಂತೆ ನುಣುಪಾಗಿದ್ದ ಮುಂಭಾಗ, ಒಂದು ಸಲ ಇಸ್ತ್ರಿ ಮಾಡಿದ ಮೇಲೆ ಅಥವಾ ಒಗೆದ ಮೇಲೆ ಹಪ್ಪಳದಂತೆ ಉಬ್ಬುತ್ತದೆ.

ನನ್ನ ತಂಗಿ ಮಗನ ಆರತಕ್ಷತೆಗೆ ನೇವಿ ಬ್ಲೂ ಕೋಟು ಹೊಲಿದಿದ್ದೆ. ಹಿಂದಿನ ದಿನ ಕೊನೆಯ ಇಸ್ತ್ರಿ ಹೊಡೆದು ಹ್ಯಾಂಗರಿಗೆ ಹಾಕಿದೆ. ಟ್ಯೂಬ್‌ಲೈಟ್ ಬೆಳಕು ಪಕ್ಕದಿಂದ ಬಿದ್ದಾಗ ಎಡಗಡೆ ಜೇಬಿನ ಮೇಲೆ ನಾಲ್ಕು ಗುಳ್ಳೆ ಕಂಡವು, ಬಟಾಣಿ ಕಾಳಿನಷ್ಟು. ಬೆರಳಿಂದ ಒತ್ತಿದರೆ ಒಳಗೆ ಚರ್ ಅಂತ ಸಣ್ಣ ಸದ್ದು. ಆ ಸದ್ದು ಕೇಳಿದರೆ ಗೊತ್ತಾಗುತ್ತದೆ, ಪೇಸ್ಟಿಂಗ್ (ಒಳಗೆ ಇಸ್ತ್ರಿಯಿಂದ ಅಂಟಿಸುವ ಗಟ್ಟಿ ಪದರ) ಮೇಲ್ಬಟ್ಟೆಯಿಂದ ಬಿಟ್ಟುಕೊಂಡಿದೆ.

ಗುಳ್ಳೆಗೆ ಕಾರಣ ಎರಡು. ಒಂದು, ಅಂಟು ಸರಿಯಾಗಿ ಕರಗಿ ಹಿಡಿದಿಲ್ಲ. ಇನ್ನೊಂದು, ಹಿಡಿದ ಮೇಲೆ ಬಟ್ಟೆಯೋ ಪೇಸ್ಟಿಂಗೋ ಒಂದು ಮಾತ್ರ ಕುಗ್ಗಿದೆ. ಯಾವುದು ಅಂತ ಹೀಗೆ ತಿಳಿಯಿರಿ. ಅಲ್ಲೊಂದು ಇಲ್ಲೊಂದು ಗುಳ್ಳೆ ಇದ್ದು ಉಳಿದದ್ದು ನುಣುಪಾಗಿದ್ದರೆ ಅಂಟಿನ ದೋಷ. ಇಡೀ ಮುಂಭಾಗ ಅಲೆಅಲೆಯಾಗಿದ್ದರೆ ಕುಗ್ಗಿದ ದೋಷ.

ಅಂಟಿನ ದೋಷ ಸರಿಹೋಗುತ್ತದೆ. ಮೇಲೆ ತೆಳ್ಳನೆಯ ಹತ್ತಿ ಬಟ್ಟೆಯನ್ನು ಒದ್ದೆ ಮಾಡಿ ಹಿಂಡಿ ಹಾಸಿ. ಇಸ್ತ್ರಿಯನ್ನು ಉಜ್ಜಬೇಡಿ. ಇಟ್ಟು, ಮೈಭಾರ ಹಾಕಿ ಒತ್ತಿ, 10ರಿಂದ 15 ಎಣಿಸಿ, ಎತ್ತಿ, ಪಕ್ಕದ ಜಾಗಕ್ಕೆ ಇಡಿ. ಮುಗಿದ ಕೂಡಲೇ ಎತ್ತಿ ನೋಡುವ ಆಸೆ ಆಗುತ್ತದೆ, ಎತ್ತಬೇಡಿ. ಪೂರ್ತಿ ತಣ್ಣಗಾದಾಗಲೇ ಅಂಟು ಗಟ್ಟಿಯಾಗುವುದು. ಆ ರಾತ್ರಿ ನನ್ನ ಕೋಟಿನ ನಾಲ್ಕರಲ್ಲಿ ಮೂರು ಗುಳ್ಳೆ ಹೀಗೆ ಕೂತವು. ನಾಲ್ಕನೆಯದಕ್ಕೆ ಲೈನಿಂಗ್ ಕೆಳಗೆ ಕೈಯಷ್ಟು ಬಿಚ್ಚಿ, ಒಳಗಿನಿಂದ ನೇರ ಪೇಸ್ಟಿಂಗ್ ಮೇಲೇ ಒತ್ತಿದೆ. ಆಗ ಹಿಡಿಯಿತು.

ಕುಗ್ಗಿದ ದೋಷಕ್ಕೆ ಇಸ್ತ್ರಿಯಿಂದ ಪರಿಹಾರ ಇಲ್ಲ. ಒತ್ತಿದಷ್ಟೂ ಸುಕ್ಕು ಅಲ್ಲೇ ಕೂರುತ್ತದೆ. ಮುಂಭಾಗವನ್ನೇ ಹೊಸದಾಗಿ ಕತ್ತರಿಸಬೇಕು. ಹಾಗಾಗಿ ಕತ್ತರಿಸುವ ಮೊದಲೇ ಪರೀಕ್ಷೆ ಮಾಡಿ. ಬಟ್ಟೆಯ 10 ಸೆಂ.ಮೀ. ಚೌಕಕ್ಕೆ ಪೇಸ್ಟಿಂಗ್ ಹಚ್ಚಿ, ಕೋಟನ್ನು ಹೇಗೆ ಒಗೆಯುತ್ತೀರೋ ಹಾಗೇ ಒಗೆದು, ಒಣಗಿಸಿ, ಮತ್ತೆ ಅಳೆಯಿರಿ. ಹತ್ತಿ, ಲಿನನ್ ಬಟ್ಟೆಯನ್ನಂತೂ ಕತ್ತರಿಸುವ ಮುಂಚೆ ನೆನೆಸಿ ಒಣಗಿಸಲೇಬೇಕು. ಉಣ್ಣೆ ಬಟ್ಟೆಗೆ ಹಬೆ ಕೊಟ್ಟರೆ ಸಾಕು, ನೆನೆಸಬೇಡಿ.

ಎಚ್ಚರ: ಇಸ್ತ್ರಿಯ ಗುರುತಿನಲ್ಲಿ ಒಂದು ಚುಕ್ಕೆ ಅಂದರೆ ಸುಮಾರು 110 ಡಿಗ್ರಿ, ಎರಡು 150, ಮೂರು 200. ಪಾಲಿಯೆಸ್ಟರ್ ಬಟ್ಟೆಗೆ ಮೂರು ಚುಕ್ಕೆ ಇಟ್ಟರೆ ಕರಗಿ ಇಸ್ತ್ರಿಗೇ ಅಂಟುತ್ತದೆ. ಒದ್ದೆ ಬಟ್ಟೆ ಹಾಸಿ ಒತ್ತುವಾಗ ಮೂರು ಪಿನ್ನಿನ ಪ್ಲಗ್, ಅರ್ಥಿಂಗ್ ಇರುವ ಸಾಕೆಟ್ ಇರಲಿ. ಹಸಿ ಕೈಯಲ್ಲಿ ಸ್ವಿಚ್ ಮುಟ್ಟಬೇಡಿ.

ಗುಂಡಿ ಹಾಕಿದರೆ ಇಂಟು ಮಾರ್ಕಿನ ಸುಕ್ಕು

ಗುಂಡಿಯಿಂದ ನಾಲ್ಕೂ ಕಡೆ ಗೆರೆ ಓಡಿದರೆ ಸೊಂಟದ ಹತ್ತಿರ ಬಿಗಿ. ಮೊದಲು ಗುಂಡಿಯನ್ನು ಅರ್ಧ ಸೆಂ.ಮೀ. ಅಂಚಿನ ಕಡೆ ಸರಿಸಿ ನೋಡಿ. ಸಾಲದಿದ್ದರೆ ಪಕ್ಕದ ಹೊಲಿಗೆಯ ಮಾರ್ಜಿನ್‌ನಿಂದ ಎರಡೂ ಕಡೆ ಸಮವಾಗಿ ಬಿಡಿ. ಮಾರ್ಜಿನ್ 1 ಸೆಂ.ಮೀ.ಗಿಂತ ಕಡಿಮೆ ಉಳಿಯುವ ಹಾಗೆ ಬಿಡಬೇಡಿ.

ಮುಂದಿನ ಎರಡು ಅಂಚು ಅಗಲವಾಗುತ್ತವೆ, ಅಥವಾ ಒಂದರ ಮೇಲೊಂದು ಹತ್ತುತ್ತವೆ

ಗುಂಡಿ ಬಿಚ್ಚಿ ನಿಂತಾಗ ಎರಡು ಅಂಚು ಕೆಳಗೆ ನೇರ ಇಳಿಯಬೇಕು. ಬಾಗಿಲು ತೆರೆದಂತೆ ದೂರ ಹೋದರೆ ಮುಂಭಾಗದ ಉದ್ದ ಸಾಲದು. ಎದೆ ಮುಂದಕ್ಕೆ ಮಾಡಿ ನೆಟ್ಟಗೆ ನಿಲ್ಲುವವರಿಗೆ, ಹೊಟ್ಟೆ ಇರುವವರಿಗೆ ಹೀಗಾಗುತ್ತದೆ. ತಲೆ ತಗ್ಗಿಸಿ, ಬೆನ್ನು ಬಾಗಿಸಿ ನಡೆಯುವವರಿಗೆ ಉಲ್ಟಾ ಆಗುತ್ತದೆ. ಮುಂದೆ ಉದ್ದ ಜಾಸ್ತಿಯಾಗಿ ಅಂಚುಗಳು ಕೆಳಗೆ ಒಂದರ ಮೇಲೊಂದು ಹತ್ತುತ್ತವೆ, ಹಿಂದೆ ಕೋಟು ಮೇಲೇರುತ್ತದೆ.

ಪಿನ್ನಿನಿಂದ ಪರೀಕ್ಷೆ ಸುಲಭ. ಅಂಚು ಹತ್ತುತ್ತಿದ್ದರೆ ಮುಂಭಾಗವನ್ನು ಕುತ್ತಿಗೆ ಪಕ್ಕದಲ್ಲಿ, ಭುಜದ ಹೊಲಿಗೆಯ ಹತ್ತಿರ, ಅರ್ಧ ಸೆಂ.ಮೀ. ಎತ್ತಿ ಪಿನ್ ಹಾಕಿ. ತೋಳಿನ ತುದಿಯ ಕಡೆ ಮುಟ್ಟಬೇಡಿ. ಅಂಚು ನೇರ ಬಂದರೆ ಭುಜದ ಹೊಲಿಗೆ ಬಿಚ್ಚಿ ಅಷ್ಟೇ ಸರಿಮಾಡಿ. ಅಗಲವಾಗುತ್ತಿದ್ದರೆ ಅದೇ ಜಾಗದಲ್ಲಿ ಮಾರ್ಜಿನ್‌ನಿಂದ ಬಿಡಬೇಕು. ಮಾರ್ಜಿನ್ ಇಲ್ಲದಿದ್ದರೆ ಕೈ ಬಿಡಿ. ಆ ಕೋಟನ್ನು ಗುಂಡಿ ಹಾಕಿಯೇ ಹಾಕಿಕೊಳ್ಳಬೇಕು.

ಕುತ್ತಿಗೆ ಹಿಂದೆ ಅಡ್ಡ ಮಡಿಕೆ

ಕಾಲರ್ ಕೆಳಗೆ ಬೆನ್ನಿನ ಮೇಲೆ ಅಡ್ಡಲಾಗಿ ಒಂದು ಮಡಿಕೆ ಬಂದರೆ ಮೊದಲು ಭುಜದ ಪ್ಯಾಡ್ ತೆಗೆದು ನೋಡಿ, ಅಥವಾ ತೆಳು ಪ್ಯಾಡ್ ಇಟ್ಟು ನೋಡಿ. ಮಡಿಕೆ ಕಡಿಮೆಯಾಯಿತು ಅಂದರೆ ಭುಜ ಎತ್ತರದವರು, ಪ್ಯಾಟರ್ನಿನ ಭುಜ ಇಳಿಜಾರು. ತೋಳಿನ ತುದಿ ಕಡೆ ಭುಜದ ಹೊಲಿಗೆಯನ್ನು ಸ್ವಲ್ಪ ಬಿಡಬೇಕು. ಪ್ಯಾಡ್ ತೆಗೆದರೂ ಮಡಿಕೆ ಹಾಗೇ ಇದ್ದರೆ ಹಿಂಭಾಗದ ಕುತ್ತಿಗೆಯಲ್ಲೇ ಬಟ್ಟೆ ಜಾಸ್ತಿ. ಮಡಿಕೆಯನ್ನು ಪಿನ್ ಮಾಡಿ, ಅಷ್ಟನ್ನು ಕುತ್ತಿಗೆ ಗೆರೆಯಿಂದ ಇಳಿಸಿ, ಕಾಲರ್ ಮತ್ತೆ ಕೂರಿಸಬೇಕು.

ಕುತ್ತಿಗೆಯಿಂದ ಕಂಕುಳ ಕಡೆಗೆ ಓರೆಯಾಗಿ ಜೋತು ಬೀಳುವ ಮಡಿಕೆ ಬಂದರೆ ಇದರ ಉಲ್ಟಾ. ಭುಜ ಇಳಿಜಾರು. ದಪ್ಪ ಪ್ಯಾಡ್ ಇಟ್ಟರೆ ಹೆಚ್ಚಿನ ಸಲ ಅಲ್ಲೇ ಮುಗಿಯುತ್ತದೆ. ಒಂದೇ ಕಡೆ ಬಂದರೆ ಗಾಬರಿ ಬೇಡ. ಒಂದು ಭುಜ ಇನ್ನೊಂದಕ್ಕಿಂತ ತಗ್ಗಿರುವುದು ತುಂಬಾ ಸಾಮಾನ್ಯ. ಎರಡು ಕಡೆ ಬೇರೆ ಬೇರೆ ದಪ್ಪದ ಪ್ಯಾಡ್ ಇಡಿ.

ತೋಳಿನ ತಲೆಯಲ್ಲಿ ನೆರಿಗೆ, ಅಥವಾ ತೋಳು ತಿರುಚಿಕೊಂಡಿದೆ

ಕೋಟಿನ ತೋಳಿನ ತಲೆ (ತೋಳಿನ ಮೇಲ್ತುದಿ) ಮುಂಡಾ (ತೋಳು ಕೂರಿಸುವ ರಂಧ್ರ) ಸುತ್ತಳತೆಗಿಂತ ದೊಡ್ಡದಿರುತ್ತದೆ, ಸಾಮಾನ್ಯವಾಗಿ 2.5ರಿಂದ 4 ಸೆಂ.ಮೀ. ಅದು ತಪ್ಪಲ್ಲ. ಭುಜದ ಮೂಳೆಯ ಗುಂಡಗಿನ ಮೇಲೆ ಬಟ್ಟೆ ಕೂರಬೇಕಲ್ವಾ. ಆ ಹೆಚ್ಚಿನ ಬಟ್ಟೆಯನ್ನು ನೆರಿಗೆ ಇಲ್ಲದೆ ಅಡಗಿಸುವುದೇ ಕೆಲಸ. 4 ಮಿ.ಮೀ. ಉದ್ದದ ಹೊಲಿಗೆ ಎರಡು ಸಾಲು ಹಾಕಿ, ದಾರ ಎಳೆದು, ಮಡಚಿ ಸುತ್ತಿದ ಟವೆಲ್ ಮೇಲಿಟ್ಟು ಹಬೆ ಕೊಡಿ. ಉಣ್ಣೆ ಬೆಣ್ಣೆಯಂತೆ ಕುಗ್ಗಿ ಕೂರುತ್ತದೆ. ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ಪಾಲಿಯೆಸ್ಟರ್ ಮಿಶ್ರಣದ ಸೂಟಿಂಗ್ ಅಷ್ಟು ಕುಗ್ಗುವುದಿಲ್ಲ. ಅಂಥ ಬಟ್ಟೆಗೆ ಎಷ್ಟು ಹಬೆ ಕೊಟ್ಟರೂ ನೆರಿಗೆ ಉಳಿದರೆ ನಿಮ್ಮ ಕೈಯ ತಪ್ಪಲ್ಲ. ತೋಳಿನ ತಲೆಯ ಎತ್ತರದಿಂದ ಸ್ವಲ್ಪ ತೆಗೆದು, ಹೆಚ್ಚಿನ ಬಟ್ಟೆಯನ್ನು 1 ಸೆಂ.ಮೀ.ನಷ್ಟು ಕಡಿಮೆ ಮಾಡಿ.

ತೋಳು ತಿರುಚಿಕೊಂಡು ಓರೆ ಸುಕ್ಕು ಬಂದರೆ ಬಟ್ಟೆಯ ಎಳೆ ನೋಡಿ. ರಟ್ಟೆಯ ಮಟ್ಟದಲ್ಲಿ ಹೊಕ್ಕಿನ (ಅಡ್ಡ) ಎಳೆ ನೆಲಕ್ಕೆ ಸಮನಾಗಿರಬೇಕು, ಹಾಸಿನ (ಉದ್ದ) ಎಳೆ ತೂಗುಗುಂಡಿನ ಹಾಗೆ ನೇರ ಇಳಿಯಬೇಕು. ಎಳೆ ಕಾಣದ ಬಟ್ಟೆಯಾದರೆ ಕತ್ತರಿಸುವಾಗಲೇ ಎರಡೂ ಎಳೆಗಳ ನೇರಕ್ಕೆ ಬಿಳಿ ದಾರದ ಕಚ್ಚಾ ಹೊಲಿಗೆ ಹಾಕಿಟ್ಟುಕೊಳ್ಳಿ. ಎಳೆ ಓರೆಯಾಗಿದ್ದರೆ ತೋಳು ತಪ್ಪು ಕೋನದಲ್ಲಿ ಕೂತಿದೆ. ಎಲ್ಲರ ಕೈ ಒಂದೇ ತರ ಇಳಿಯುವುದಿಲ್ಲ. ಕೆಲವರದು ನೇರ, ಕೆಲವರದು ಮುಂದಕ್ಕೆ. ದಿನವಿಡೀ ಮಷಿನ್ ಮುಂದೆ ಕೂರುವ ನಮ್ಮಂಥವರದು ಮುಂದಕ್ಕೇ ಜಾಸ್ತಿ.

ಇಲ್ಲಿ ಲೆಕ್ಕ ಹಾಕುತ್ತಾ ಕೂರಬೇಡಿ, ಮಾಡಿ ನೋಡಿ. ತೋಳು ಬಿಚ್ಚಿ. ಕೋಟು ಹಾಕಿದವರನ್ನು ನಿಲ್ಲಿಸಿ, ತೋಳಿನ ತಲೆಯನ್ನು ಭುಜದ ತುದಿಗೆ ಒಂದೇ ಪಿನ್ನಿನಿಂದ ಸಿಕ್ಕಿಸಿ. ಈಗ 1 ಸೆಂ.ಮೀ. ಮುಂದಕ್ಕೆ ತಿರುಗಿಸಿ, ಕೈ ಬಿಡಿ, ನೋಡಿ. ಆಮೇಲೆ ಹಿಂದಕ್ಕೆ. ಒಂದು ಜಾಗದಲ್ಲಿ ಸುಕ್ಕೆಲ್ಲ ತಾನಾಗೇ ಬಿದ್ದುಹೋಗಿ ತೋಳು ಸುಮ್ನೆ ಇಳಿಯುತ್ತದೆ. ಅಲ್ಲೇ ಚಾಕಿನಲ್ಲಿ ಎರಡಕ್ಕೂ ಗೀಟು ಎಳೆಯಿರಿ. ಪ್ಯಾಟರ್ನಿನ ಗುರುತು ಬೇರೆ ಕಡೆ ಇದ್ದರೂ ನಿಮ್ಮ ಗೀಟನ್ನೇ ನಂಬಿ. ಪಿನ್ನುಗಳನ್ನು ಮಾತ್ರ ಬಾಯಲ್ಲಿ ಹಿಡಿಯಬೇಡಿ, ಕೈಗೊಂದು ಪಿನ್‌ಕುಶನ್ ಕಟ್ಟಿಕೊಳ್ಳಿ.

ಕೈ ಎತ್ತಿದರೆ ಇಡೀ ಕೋಟೇ ಮೇಲೆ ಬರುತ್ತದೆ

"ಕಂಕುಳ ಬಿಗಿ ಆಗೈತ್ರಿ, ಒಂದೀಟು ಕೆಳಗ ಕೊರೀರಿ" ಅಂತ ಎಲ್ಲರೂ ಕೇಳುತ್ತಾರೆ. ದಯವಿಟ್ಟು ಕೊರೆಯಬೇಡಿ. ಮುಂಡಾ ಕೆಳಗೆ ಹೋದಷ್ಟೂ ಕೈ ಎತ್ತಿದಾಗ ಕೋಟನ್ನು ಜಾಸ್ತಿ ಎಳೆಯುತ್ತದೆ. ಕಂಕುಳಿಗೆ ಹತ್ತಿರ ಇರುವ ಮುಂಡಾದಲ್ಲೇ ಕೈ ಸಲೀಸಾಗಿ ಆಡುವುದು. ಚುಚ್ಚುತ್ತಿದ್ದರೆ ಒಳಗೆ ಮುಂಡಾದ ಮಾರ್ಜಿನ್ ನೋಡಿ. ಕಂಕುಳ ಭಾಗದಲ್ಲಿ ಅದನ್ನು 7-8 ಮಿ.ಮೀ.ಗೆ ಕತ್ತರಿಸಿದರೆ ಚುಚ್ಚುವುದು ನಿಲ್ಲುತ್ತದೆ. ಈಗಾಗಲೇ ಕೊರೆದ ಮುಂಡಾಕ್ಕೆ ಬಟ್ಟೆ ವಾಪಸ್ ಬರುವುದಿಲ್ಲ. ಇದೊಂದನ್ನು ಮೊದಲು ಕೋರಾ ಬಟ್ಟೆಯಲ್ಲಿ (ಬಿಳುಪು ಮಾಡದ ಹತ್ತಿ ಬಟ್ಟೆ) ಹೊಲಿದು ನೋಡುವ ಮಾದರಿಯಲ್ಲೇ ಹಿಡಿಯಬೇಕು. ಎರಡೂವರೆ ಮೀಟರ್ ಕೋರಾ, ಒಂದು ಸಂಜೆ ಕೆಲಸ. ಬೆಲೆಬಾಳುವ ಬಟ್ಟೆ ಉಳಿಯುತ್ತದೆ.

ಲ್ಯಾಪೆಲ್ ತುದಿ ಹೊರಗೆ ಮುರುಟುತ್ತದೆ

ಲ್ಯಾಪೆಲ್ ಅಂದರೆ ಎದೆಯ ಮೇಲೆ ಹೊರಕ್ಕೆ ಮಡಚಿದ ಭಾಗ. ಅದರ ಮೇಲಿನ ಪದರ ಚಿಕ್ಕದಾಗಿದೆ. ಲ್ಯಾಪೆಲ್ ಮಡಚಿದಾಗ ಮೇಲಿನ ಪದರ ಹೊರಗಿನ ಸುತ್ತು ಓಡುತ್ತದೆ. ಅದು ಕೆಳಗಿನ ಪದರಕ್ಕಿಂತ 2-3 ಮಿ.ಮೀ. ದೊಡ್ಡದಿರಬೇಕು. ಸ್ವಲ್ಪ ಮುರುಟಿದ್ದರೆ ಹಬೆ ಕೊಟ್ಟು, ತುದಿಯನ್ನು ಬೆರಳಿಂದ ಒಳಗೆ ಬಾಗಿಸಿ, ಮೇಲೆ ಮರದ ತುಂಡೊಂದನ್ನು ತಣ್ಣಗಾಗುವವರೆಗೆ ಒತ್ತಿಡಿ. ಜಾಸ್ತಿ ಇದ್ದರೆ ಅಂಚು ಬಿಚ್ಚಿ, ಕೆಳಗಿನ ಪದರವನ್ನು 2 ಮಿ.ಮೀ. ಒಳಗೆ ಎಳೆದು ಮತ್ತೆ ಹೊಲಿಯಬೇಕು.

ಕೆಳ ಅಂಚು ಮೇಲೆ ಜಗ್ಗುತ್ತದೆ, ಬೆನ್ನಿನ ಲೈನಿಂಗ್ ಹರಿಯುತ್ತದೆ

ಲೈನಿಂಗ್ ಮೇಲ್ಬಟ್ಟೆಗಿಂತ ಸಡಿಲ ಇರಬೇಕು. ಬೆನ್ನಿನ ನಡುವೆ 2 ಸೆಂ.ಮೀ. ಮಡಿಕೆ, ಕೆಳ ಅಂಚಿನಲ್ಲಿ 1 ಸೆಂ.ಮೀ. ಇಳಿಬಿದ್ದ ಮಡಿಕೆ ಇಟ್ಟಿಲ್ಲದಿದ್ದರೆ ಜಗ್ಗುವುದು ಖಚಿತ. ಕೆಳ ಅಂಚಿನ ಕೈ ಹೊಲಿಗೆ ಬಿಚ್ಚಿ, ಕೋಟನ್ನು ಒಂದು ರಾತ್ರಿ ಹ್ಯಾಂಗರಿಗೆ ಹಾಕಿ. ಲೈನಿಂಗ್ ಎಲ್ಲಿಗೆ ಇಳಿಯುತ್ತದೋ ಅಲ್ಲಿಗೇ ಮಡಚಿ ಹೊಲಿಯಿರಿ. ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಪಾಲಿಯೆಸ್ಟರ್ ಲೈನಿಂಗ್ ಬೆವರನ್ನು ಒಳಗೇ ಹಿಡಿದಿಡುತ್ತದೆ. ಮೇ ತಿಂಗಳ ಮದುವೆಗೆ ಹೊಲಿಯುವುದಾದರೆ ಬೆನ್ನಿಗೆ ಅರ್ಧ ಲೈನಿಂಗ್ ಸಾಕು. ಹಾಕಿಕೊಂಡವರು ನಿಮ್ಮನ್ನು ನೆನೆಯುತ್ತಾರೆ.

ಬಟ್ಟೆ ಹೊಳೆಯುತ್ತದೆ, ಬಿಳಿ ಕಲೆ ಕಾಣುತ್ತದೆ

ಹೊಳಪು ಬಂದದ್ದು ಇಸ್ತ್ರಿಯನ್ನು ನೇರ ಬಟ್ಟೆಯ ಮೇಲೆ ಉಜ್ಜಿದ್ದಕ್ಕೆ. ಉಣ್ಣೆಯಾದರೆ ಒದ್ದೆ ಬಟ್ಟೆ ಹಾಸಿ ಹಬೆ ಎಬ್ಬಿಸಿ, ಬಿಸಿ ಇರುವಾಗಲೇ ಬ್ರಷ್ ಆಡಿಸಿದರೆ ಬಹುಮಟ್ಟಿಗೆ ಹೋಗುತ್ತದೆ. ಪಾಲಿಯೆಸ್ಟರ್ ಆದರೆ ಎಳೆಯೇ ಕರಗಿ ಚಪ್ಪಟೆಯಾಗಿರುತ್ತದೆ, ಅದು ಹೋಗುವುದಿಲ್ಲ. ಬಿಳಿ ಚುಕ್ಕೆ ಬಿದ್ದಿದ್ದರೆ ಇಸ್ತ್ರಿಗೆ ಬೋರ್‌ವೆಲ್ ಗಡಸು ನೀರು ಹಾಕಿದ್ದೀರಿ. ಆರ್‌ಓ ನೀರು ಹಾಕಿ. ಮಷಿನ್ ಎಣ್ಣೆಯ ಕಲೆ ತೆಗೆಯಲು ಪೆಟ್ರೋಲ್, ಸೀಮೆಎಣ್ಣೆ ಮುಟ್ಟಲೇಬೇಡಿ. ಪಕ್ಕದಲ್ಲೇ ಇಸ್ತ್ರಿ ಕಾಯುತ್ತಿರುತ್ತದೆ, ಬೆಂಕಿ ಹತ್ತಲು ಕ್ಷಣ ಸಾಕು. ಕಲೆಯ ಮೇಲೆ ಟಾಲ್ಕಂ ಪೌಡರ್ ಹಾಕಿ ರಾತ್ರಿ ಬಿಡಿ, ಬೆಳಗ್ಗೆ ಬ್ರಷ್ ಮಾಡಿ, ಉಳಿದದ್ದನ್ನು ಡ್ರೈಕ್ಲೀನ್‌ಗೆ ಕೊಡಿ.

ಮಾಸ್ಟರ್ ಹತ್ತಿರ ಯಾವಾಗ ಹೋಗಬೇಕು

ಒಂದೇ ಹೊಲಿಗೆಯನ್ನು ಎರಡು ಸಲ ಬಿಚ್ಚಿ ಹೊಲಿದಿದ್ದರೆ ಮೂರನೇ ಸಲ ಬಿಚ್ಚಬೇಡಿ. ಸೂಜಿ ತೂತುಗಳಿಂದ ಬಟ್ಟೆ ಅಲ್ಲೇ ಹರಿಯುತ್ತದೆ. ಕಾಲರ್ ಮತ್ತು ತೋಳು ಎರಡೂ ಒಟ್ಟಿಗೆ ತಪ್ಪಿದ್ದರೆ, ಜೇಬಿನ ಬಾಯಿ ಕತ್ತರಿಸಿದ ಮೇಲೆ ಮುಂಭಾಗ ಸೊಟ್ಟ ಕಂಡರೆ, ಆಗಲೂ ಕೋಟು ಹೊಲಿದು ಅನುಭವ ಇರುವ ಮಾಸ್ಟರ್‌ಗೆ ತೋರಿಸಿ. ಹೋಗುವಾಗ ಕೋಟು ಹಾಕಿಕೊಳ್ಳುವವರನ್ನೂ ಕರೆದುಕೊಂಡು ಹೋಗಿ. ಉಳಿದ ಬಟ್ಟೆ ಚೂರು, ಕತ್ತರಿಸಿದ ಪ್ಯಾಟರ್ನ್ ಕಾಗದ, ನೀವು ಹಾಕಿದ ಪಿನ್ನು, ಚಾಕಿನ ಗೀಟು, ಎಲ್ಲಾ ಇದ್ದ ಹಾಗೇ ಇರಲಿ. ಇಸ್ತ್ರಿ ಹೊಡೆದು ಚೆಂದ ಮಾಡಿ ಒಯ್ಯಬೇಡಿ. ಸುಕ್ಕು ಇದ್ದ ಹಾಗೇ ಅವರ ಕಣ್ಣಿಗೆ ಬೀಳಬೇಕು.